ಅಧ್ಯಾಪಕರಾಗಿ ಬಿ. ಎಂ. ಶ್ರೀ.

ರಾಜ್ಯೋತ್ಸವದ ದಿನ ಬಿ. ಎಂ. ಶ್ರೀಕಂಠಯ್ಯನವರನ್ನು ಕನ್ನಡ ನವೋದಯದ ಆಚಾರ್ಯರೆಂದು ನೆನೆಯುವುದು ವಾಡಿಕೆ. ಆದರೆ ಆ ಮಹನೀಯರು ವೃತ್ತಿಯಿಂದ ಇಂಗ್ಲಿಷ್ ಅಧ್ಯಾಪಕರು ಎಂಬುದನ್ನು ನಾವು ಮರೆಯುವುದುಂಟು.

ಈ ವಿಷಯ ನನ್ನ ಮನಸ್ಸಿಗೆ ಹತ್ತಿರವಾಗಲು ಕಾರಣವಿದೆ. ಬ್ಯಾಂಕಿನ ಗುಮಾಸ್ತನಾದ ನಾನು ಕನ್ನಡ ಶಾಲೆಯಲ್ಲಿ ಕಲಿತು ಬಿ. ಕಾಂ. ಓದಿದವನು. ತರಗತಿಯಲ್ಲಿ ಅಧ್ಯಾಪಕರು ನೋಟ್ಸ್ ಹೇಳುತ್ತಿದ್ದರು, ನಾವು ಬರೆದುಕೊಳ್ಳುತ್ತಿದ್ದೆವು. ಸಂದೇಹಗಳಿದ್ದರೂ ಇಂಗ್ಲಿಷಿನಲ್ಲಿ ಕೇಳಲು ಬಾರದೆ ಮೂರು ವರ್ಷ ಹಿಂದಿನ ಬೆಂಚಿನಲ್ಲಿ ಮೌನವಾಗಿ ಕುಳಿತೆ.

ಶ್ರೀಕಂಠಯ್ಯನವರು 1884ರ ಜನವರಿ 3ರಂದು ತುಮಕೂರು ಜಿಲ್ಲೆಯ ಸಂಪಿಗೆಯಲ್ಲಿ ಜನಿಸಿದರು. ಮನೆತನದ ಊರು ಬೆಳ್ಳೂರು. ತಂದೆ ಮೈಲಾರಯ್ಯನವರು ಶ್ರೀರಂಗಪಟ್ಟಣದಲ್ಲಿ ವಕೀಲರು. ಮಗನೂ ಮದರಾಸಿನಲ್ಲಿ ಎಂ. ಎ. ಜೊತೆಗೆ ಬಿ. ಎಲ್. ಮುಗಿಸಿದರು, ಆದರೆ ಹಿಡಿದದ್ದು ವಕೀಲಿಯನ್ನಲ್ಲ, ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಇಂಗ್ಲಿಷ್ ಪಾಠವನ್ನು.

ಆಗ ಕಾಲೇಜಿನಲ್ಲಿ ಇಂಗ್ಲಿಷಿಗಿದ್ದ ಮನ್ನಣೆ ಕನ್ನಡಕ್ಕೆ ಇರಲಿಲ್ಲ. 1911ರಲ್ಲಿ, ಇನ್ನೂ ಇಪ್ಪತ್ತೇಳರ ತರುಣರಾಗಿದ್ದಾಗ, ಅವರು ಧಾರವಾಡದ ವಿದ್ಯಾವರ್ಧಕ ಸಂಘದಲ್ಲಿ ಕನ್ನಡ ಮಾತು ತಲೆ ಎತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಇಂಗ್ಲಿಷ್ ಪಾಠ ಹೇಳುತ್ತಲೇ ಇಂಗ್ಲಿಷ್ ಕವನಗಳನ್ನು ಹೊಸ ಛಂದಸ್ಸಿನಲ್ಲಿ, ಜನರ ಬಾಯಲ್ಲಿ ಆಡುವ ಕನ್ನಡಕ್ಕೆ ತಂದರು. ಅವೇ 1926ರ ‘ಇಂಗ್ಲಿಷ್ ಗೀತಗಳು’. ನ್ಯೂಮನ್ ಕವಿಯ ಪ್ರಾರ್ಥನಾಗೀತೆ ಇಂದಿಗೂ ನಮ್ಮ ಮನೆಗಳಲ್ಲಿ ಕೇಳಿಬರುವುದು ಅವರ ಕನ್ನಡದಲ್ಲಿಯೇ.

1926ರಲ್ಲಿ ಅವರು ಮೈಸೂರು ವಿಶ್ವವಿದ್ಯಾನಿಲಯದ ರಿಜಿಸ್ಟ್ರಾರರಾದರು. ಮರುವರ್ಷ ಅಲ್ಲಿ ಕನ್ನಡ ಎಂ. ಎ. ತರಗತಿ ಆರಂಭವಾಯಿತು, ಅದರ ಹಿಂದೆ ಅವರ ಶ್ರಮವಿತ್ತು. 1930ರಲ್ಲಿ ಕಚೇರಿಯ ಹುದ್ದೆಯನ್ನು ಬಿಟ್ಟು ಮತ್ತೆ ಪಾಠಕ್ಕೆ ಬಂದು, ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಇಂಗ್ಲಿಷ್ ಪ್ರಾಧ್ಯಾಪಕರಾಗಿ 1942ರವರೆಗೆ ದುಡಿದರು.

ಅಧ್ಯಾಪಕನ ದುಡಿಮೆಯನ್ನು ಪರೀಕ್ಷೆಯ ಅಂಕಗಳಿಂದ ಅಳೆಯುವುದು ಸುಲಭ. ಆದರೆ ನಿಜವಾದ ಜಮಾಖರ್ಚು ತಿಳಿಯುವುದು ಹಲವು ವರ್ಷಗಳ ನಂತರ. ಅವರ ಶಿಷ್ಯರಾದ ಎಸ್. ವಿ. ರಂಗಣ್ಣನವರೂ ಎ. ಎನ್. ಮೂರ್ತಿರಾಯರೂ ಗುರುಗಳಂತೆಯೇ ಇಂಗ್ಲಿಷ್ ಅಧ್ಯಾಪಕರಾದರು, ಗುರುಗಳಂತೆಯೇ ಕನ್ನಡದಲ್ಲಿ ಬರೆದರು. ಮುಂದೆ ಇಬ್ಬರಿಗೂ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಬಂತು. ಇಂಗ್ಲಿಷ್ ತರಗತಿಯಿಂದ ಕನ್ನಡಕ್ಕೆ ಬಂದ ಬಡ್ಡಿ ಇದು!

ನಿವೃತ್ತಿಯ ಬಳಿಕವೂ ಅವರು ಸುಮ್ಮನೆ ಕೂರಲಿಲ್ಲ. ಧಾರವಾಡದ ಕಾಲೇಜೊಂದರ ಪ್ರಿನ್ಸಿಪಾಲರಾದರು. 1946ರ ಜನವರಿ 5ರಂದು ಆ ಊರಿನಲ್ಲಿಯೇ ತೀರಿಕೊಂಡರು. ಮೂವತ್ತೈದು ವರ್ಷಗಳ ಹಿಂದೆ ಕನ್ನಡದ ಪರವಾಗಿ ದನಿಯೆತ್ತಿದ್ದ ಊರೂ ಅದೇ. ಕರ್ನಾಟಕ ಒಂದಾದದ್ದನ್ನು ಕಾಣುವ ಭಾಗ್ಯ ಅವರಿಗಿರಲಿಲ್ಲ.

ನಮ್ಮ ಸಂಘದ ಕುಟುಂಬಗಳಲ್ಲಿ ಕಾಲೇಜು ಅಧ್ಯಾಪಕರಾದ ಸೋದರ ಸೋದರಿಯರಿದ್ದಾರೆ. ಅವರ ಮುಂದೆ ಕೂರುವ ಮಕ್ಕಳ ಮನೆಮಾತು ಕನ್ನಡವೇ ಆಗಿರಬೇಕೆಂದಿಲ್ಲ. ಈ ಊರಿನಲ್ಲಿ ಅದು ಹತ್ತು ಬಗೆ. ಅವರಲ್ಲಿ ನನ್ನ ಒಂದು ಬಿನ್ನಹ. ತರಗತಿ ಗದ್ದಲವಿಲ್ಲದೆ ಇದ್ದಮಾತ್ರಕ್ಕೆ ಪಾಠ ಮನಸ್ಸಿಗೆ ಹೋಯಿತೆಂದು ತಿಳಿಯಬೇಡಿ. ಹಿಂದಿನ ಬೆಂಚಿನ ಹುಡುಗನನ್ನೊಮ್ಮೆ ಎಬ್ಬಿಸಿ, ತಿಳಿದಷ್ಟನ್ನು ಅವನ ಮಾತಿನಲ್ಲಿಯೇ ಹೇಳಿಸಿ. ಅನಂತರ ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ನೆರವಾಗಿ. ಒಂದು ಭಾಷೆಯ ವಿದ್ಯೆಯನ್ನು ಇನ್ನೊಂದು ಭಾಷೆಯವರ ಸ್ವತ್ತಾಗಿ ಮಾಡಬಹುದೆಂದು ಬಿ. ಎಂ. ಶ್ರೀ. ಜೀವನವಿಡೀ ತೋರಿಸಿಕೊಟ್ಟರು. ಅಂಥ ಗುರು ಸಿಕ್ಕಿದ್ದರೆ ನಾನೂ ಅಂದು ಕೈಯೆತ್ತಿ ಒಂದು ಪ್ರಶ್ನೆ ಕೇಳುತ್ತಿದ್ದೆನೇನೋ.