ಕರುಳಿನ ಕಾಯಿಲೆಗೆ ಮದ್ದು ಹುಡುಕಿದ ಸುಬ್ಬರಾವ್

ಮಕ್ಕಳೇ, ಶಾಲೆಯಲ್ಲಿ ವಾರಕ್ಕೊಮ್ಮೆ ಬಿಸಿಯೂಟದ ನಂತರ ಕೊಡುವ ನೀಲಿ ಮಾತ್ರೆ ನಿಮಗೆ ಗೊತ್ತಲ್ಲವೆ? ಅದರಲ್ಲಿ ಕಬ್ಬಿಣಾಂಶದ ಜೊತೆಗೆ ಫೋಲಿಕ್ ಆಮ್ಲ ಎಂಬ ಜೀವಸತ್ವವೂ ಇರುತ್ತದೆ. ಈ ಜೀವಸತ್ವವನ್ನು ಪ್ರಯೋಗಾಲಯದಲ್ಲಿ ತಯಾರಿಸಿದ ತಂಡವನ್ನು ಮುನ್ನಡೆಸಿದವರು ನಮ್ಮ ನೆರೆಯ ಆಂಧ್ರದ ಒಬ್ಬ ವಿಜ್ಞಾನಿ. ಅವರೇ ಯಲ್ಲಾಪ್ರಗಡ ಸುಬ್ಬರಾವ್.

ಸುಬ್ಬರಾವ್ ಅವರು 1895ರ ಜನವರಿ 12ರಂದು ಭೀಮವರಂನಲ್ಲಿ ಜನಿಸಿದರು. ಮನೆಯಲ್ಲಿ ಬಡತನವಿತ್ತು. ಮೆಟ್ರಿಕ್ಯುಲೇಷನ್ ಪರೀಕ್ಷೆಯಲ್ಲಿ ಅವರು ಪಾಸಾದದ್ದು ಮೂರನೇ ಪ್ರಯತ್ನದಲ್ಲಿ. ಒಂದೆರಡು ಸಲ ನಪಾಸಾದರೆ ಎಲ್ಲವೂ ಮುಗಿಯಿತು ಎಂದುಕೊಳ್ಳುವವರು ಈ ಮಾತನ್ನು ನೆನಪಿನಲ್ಲಿಡಬೇಕು. ಮುಂದೆ ಅವರು ಮದ್ರಾಸ್ ವೈದ್ಯಕೀಯ ಕಾಲೇಜನ್ನು ಸೇರಿದರು. ಆಗ ಸ್ವಾತಂತ್ರ್ಯ ಚಳವಳಿಯ ಕಾಲ. ಗಾಂಧೀಜಿಯವರ ಕರೆಗೆ ಓಗೊಟ್ಟು ಸುಬ್ಬರಾವ್ ಖಾದಿಯ ನಿಲುವಂಗಿ ತೊಟ್ಟು ಶಸ್ತ್ರಚಿಕಿತ್ಸೆಯ ತರಗತಿಗೆ ಬರುತ್ತಿದ್ದರು. ಇಂಗ್ಲಿಷ್ ಪ್ರಾಧ್ಯಾಪಕರಿಗೆ ಇದು ಹಿಡಿಸಲಿಲ್ಲ. ಕೊನೆಗೆ ಅವರಿಗೆ ಪೂರ್ಣ ಎಂ.ಬಿ.ಬಿ.ಎಸ್. ಪದವಿ ದೊರೆಯಲಿಲ್ಲ. ಅದಕ್ಕಿಂತ ಕೆಳಗಿನ ಎಲ್.ಎಂ.ಎಸ್. ಪ್ರಮಾಣಪತ್ರ ಮಾತ್ರ ಸಿಕ್ಕಿತು.

ಈ ನಡುವೆ ಅವರ ಮನೆಗೆ ದೊಡ್ಡ ಆಘಾತ ಬಂದೆರಗಿತು. ಕೆಲವೇ ದಿನಗಳ ಅಂತರದಲ್ಲಿ ಇಬ್ಬರು ಸೋದರರು ತೀರಿಕೊಂಡರು. ಕಾರಣ, ಉಷ್ಣವಲಯದ ಸ್ಪ್ರೂ ಎಂಬ ಕರುಳಿನ ಕಾಯಿಲೆ. ಸುಬ್ಬರಾವ್ ಅವರನ್ನೂ ಈ ಕಾಯಿಲೆ ಬಿಡಲಿಲ್ಲ. ಆದರೆ ಅವರು ಚೇತರಿಸಿಕೊಂಡರು.

ಏನಿದು ಸ್ಪ್ರೂ? ನಮ್ಮ ಸಣ್ಣಕರುಳಿನ ಒಳಗೋಡೆಯ ಮೇಲೆ ಬೆರಳಿನಂತಹ ಲಕ್ಷಾಂತರ ಪುಟ್ಟ ರಚನೆಗಳಿವೆ. ಇವನ್ನು ವಿಲ್ಲೈ ಎನ್ನುತ್ತಾರೆ. ಜೀರ್ಣವಾದ ಆಹಾರವನ್ನು ಹೀರಿಕೊಂಡು ರಕ್ತಕ್ಕೆ ಸೇರಿಸುವುದು ಇವುಗಳ ಕೆಲಸ. ಸ್ಪ್ರೂ ಬಂದಾಗ ಈ ಬೆರಳುಗಳು ಮೊಂಡಾಗುತ್ತವೆ. ಆಗ ಎಷ್ಟು ಉಂಡರೂ ಮೈಗೆ ಹತ್ತುವುದಿಲ್ಲ. ಭೇದಿ ನಿಲ್ಲುವುದಿಲ್ಲ, ನಾಲಿಗೆ ಹುಣ್ಣಾಗುತ್ತದೆ, ರಕ್ತಹೀನತೆಯಿಂದ ದೇಹ ಸೊರಗುತ್ತದೆ. ಆ ಕಾಲದ ವೈದ್ಯರಿಗೆ ಇದಕ್ಕೆ ಸರಿಯಾದ ಔಷಧಿ ತಿಳಿದಿರಲಿಲ್ಲ.

ಸುಬ್ಬರಾವ್ ಮದ್ರಾಸಿನ ಆಯುರ್ವೇದ ಕಾಲೇಜಿನಲ್ಲಿ ಕೆಲಕಾಲ ಪಾಠ ಮಾಡಿದರು. ನಂತರ 1922ರಲ್ಲಿ ಹಡಗು ಹತ್ತಿ ಅಮೆರಿಕದ ಬಾಸ್ಟನ್ ನಗರಕ್ಕೆ ಹೋದರು. ಹೊಟ್ಟೆಪಾಡಿಗಾಗಿ ಆಸ್ಪತ್ರೆಯೊಂದರಲ್ಲಿ ರೋಗಿಗಳ ಮಲಮೂತ್ರದ ಪಾತ್ರೆ ತೊಳೆಯುವ ಕೆಲಸವನ್ನೂ ಮಾಡಿದರು. ಮುಂದೆ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಸೈರಸ್ ಫಿಸ್ಕ್ ಎಂಬ ವಿಜ್ಞಾನಿಯೊಂದಿಗೆ ಸಂಶೋಧನೆ ಆರಂಭಿಸಿದರು. ದೇಹದ ದ್ರವಗಳಲ್ಲಿ ರಂಜಕ ಎಷ್ಟಿದೆ ಎಂದು ಅಳೆಯುವ ವಿಧಾನವನ್ನು ಇವರಿಬ್ಬರೂ 1925ರಲ್ಲಿ ಪ್ರಕಟಿಸಿದರು. ಅದಕ್ಕೆ ಫಿಸ್ಕ್-ಸುಬ್ಬರಾವ್ ವಿಧಾನ ಎಂದೇ ಹೆಸರು. ಜೀವಕೋಶಗಳಿಗೆ ಶಕ್ತಿ ಒದಗಿಸುವ ಎ.ಟಿ.ಪಿ. ಎಂಬ ವಸ್ತುವನ್ನು ಅವರು 1929ರಲ್ಲಿ ಗುರುತಿಸಿದರು. ಅದೇ ವರ್ಷ ಜರ್ಮನಿಯ ಕಾರ್ಲ್ ಲೋಮನ್ ಕೂಡ ಇದನ್ನು ಕಂಡುಹಿಡಿದರು. ಈಗ ನೀವು ಈ ಪುಟ ಓದುತ್ತಿರುವುದೂ ಎ.ಟಿ.ಪಿ.ಯ ಬಲದಿಂದಲೇ!

1940ರಲ್ಲಿ ಸುಬ್ಬರಾವ್ ನ್ಯೂಯಾರ್ಕ್ ಬಳಿಯ ಪರ್ಲ್ ರಿವರ್‌ನಲ್ಲಿದ್ದ ಲೆಡರ್ಲೆ ಪ್ರಯೋಗಾಲಯವನ್ನು ಸೇರಿ, ಅಲ್ಲಿನ ಸಂಶೋಧನೆಯ ಮುಖ್ಯಸ್ಥರಾದರು. ಆಗ ವಿಜ್ಞಾನಿಗಳು ರಕ್ತಹೀನತೆ ನೀಗಿಸುವ ಒಂದು ಜೀವಸತ್ವದ ಬೆನ್ನು ಹತ್ತಿದ್ದರು. ಮುಂಬಯಿಯ ಗರ್ಭಿಣಿಯರಲ್ಲಿ ಕಾಣುತ್ತಿದ್ದ ಒಂದು ಬಗೆಯ ರಕ್ತಹೀನತೆ ಯೀಸ್ಟ್‌ನ ಸಾರದಿಂದ ಗುಣವಾಗುತ್ತದೆ ಎಂದು ಇಂಗ್ಲೆಂಡಿನ ವೈದ್ಯೆ ಲೂಸಿ ವಿಲ್ಸ್ 1931ರಲ್ಲಿ ತೋರಿಸಿದ್ದರು. 1941ರಲ್ಲಿ ಅಮೆರಿಕದ ಬೇರೊಂದು ತಂಡ ನಾಲ್ಕು ಟನ್ ಪಾಲಕ್ ಸೊಪ್ಪಿನಿಂದ ಅಂತಹ ವಸ್ತುವನ್ನು ಚೂರೇ ಚೂರು ಪಡೆದು, ಫೋಲಿಕ್ ಆಮ್ಲ ಎಂದು ಹೆಸರಿಟ್ಟಿತು. ಲ್ಯಾಟಿನ್ ಭಾಷೆಯಲ್ಲಿ ಫೋಲಿಯಂ ಎಂದರೆ ಎಲೆ. ಆದರೆ ಸೊಪ್ಪಿನಿಂದ ಲೋಕಕ್ಕೆಲ್ಲ ಸಾಲುವಷ್ಟು ಔಷಧಿ ತೆಗೆಯುವುದು ಸಾಧ್ಯವೆ? ಸುಬ್ಬರಾವ್ ಅವರ ತಂಡ ರಾಸಾಯನಿಕಗಳಿಂದಲೇ ಅದನ್ನು ತಯಾರಿಸಿ 1945ರಲ್ಲಿ ಜಗತ್ತಿಗೆ ತಿಳಿಸಿತು. ಮರುವರ್ಷದ ಹೊತ್ತಿಗೆ ಕ್ಯೂಬಾ ಮತ್ತು ಪೋರ್ಟೊರಿಕೊಗಳಲ್ಲಿ ಸ್ಪ್ರೂ ರೋಗಿಗಳಿಗೆ ಇದನ್ನು ಕೊಟ್ಟು ನೋಡಿದರು. ಹಾಸಿಗೆ ಹಿಡಿದವರು ಎದ್ದು ಓಡಾಡತೊಡಗಿದರು.

ಇದೇ ಪ್ರಯೋಗಾಲಯದಲ್ಲಿ ಬೆಂಜಮಿನ್ ಡಗ್ಗರ್ ಎಂಬ ಹಿರಿಯ ಸಸ್ಯವಿಜ್ಞಾನಿ ಹೊಲದ ಮಣ್ಣಿನ ಸೂಕ್ಷ್ಮಜೀವಿಯೊಂದರಿಂದ ಆರಿಯೋಮೈಸಿನ್ ಎಂಬ ಪ್ರತಿಜೈವಿಕವನ್ನು ಪಡೆದರು. ಟೆಟ್ರಾಸೈಕ್ಲಿನ್ ಗುಂಪಿನ ಮೊದಲ ಔಷಧಿ ಇದು. ಸ್ಪ್ರೂಗೆ ಇಂದಿಗೂ ಕೊಡುವುದು ಫೋಲಿಕ್ ಆಮ್ಲ ಮತ್ತು ಟೆಟ್ರಾಸೈಕ್ಲಿನ್ ಗುಂಪಿನ ಔಷಧಿಗಳನ್ನೇ. ಸೋದರರನ್ನು ಕಸಿದ ಕಾಯಿಲೆಯನ್ನು ಗೆಲ್ಲುವ ಎರಡೂ ಅಸ್ತ್ರಗಳು ಸುಬ್ಬರಾವ್ ಅವರ ಪ್ರಯೋಗಾಲಯದಿಂದಲೇ ಹೊರಬಂದವು! ಕಲಬುರ್ಗಿ, ಬೀದರ್ ಮುಂತಾದ ಜಿಲ್ಲೆಗಳಲ್ಲಿ ಆನೆಕಾಲು ರೋಗ ತಡೆಯಲು ಹಂಚಲಾದ ಡಿ.ಇ.ಸಿ. ಮಾತ್ರೆಯೂ ಅಲ್ಲಿಯದೇ ಕೊಡುಗೆ.

ಅವರ ಇನ್ನೊಂದು ಕೊಡುಗೆಯ ಕಥೆ ಸ್ವಾರಸ್ಯಕರ. ಬೀಗಕ್ಕೆ ಅದರದೇ ಕೀಲಿಯಂತೆ ಕಾಣುವ ಬೇರೆ ಕೀಲಿ ತೂರಿಸಿದರೆ ಏನಾಗುತ್ತದೆ? ಬೀಗ ತೆರೆಯುವುದಿಲ್ಲ, ಸರಿಯಾದ ಕೀಲಿಗೂ ಜಾಗ ಇರುವುದಿಲ್ಲ. ಸುಬ್ಬರಾವ್ ಅವರ ತಂಡ ಫೋಲಿಕ್ ಆಮ್ಲವನ್ನೇ ಹೋಲುವ ಇಂತಹ ಸುಳ್ಳು ಕೀಲಿಗಳನ್ನು ತಯಾರಿಸಿತು. ವೇಗವಾಗಿ ಬೆಳೆಯುವ ಕೋಶಗಳನ್ನು ಇವು ತಡೆಯುತ್ತವೆ. ಬಾಸ್ಟನ್ನಿನ ವೈದ್ಯ ಸಿಡ್ನಿ ಫಾರ್ಬರ್ ಅವುಗಳಲ್ಲೊಂದನ್ನು ರಕ್ತದ ಕ್ಯಾನ್ಸರ್ ಇದ್ದ 16 ಮಕ್ಕಳಿಗೆ ಕೊಟ್ಟಾಗ, 10 ಮಕ್ಕಳಲ್ಲಿ ರೋಗ ಕೆಲಕಾಲ ಹಿಮ್ಮೆಟ್ಟಿತು. ಇದು ಪ್ರಕಟವಾದದ್ದು 1948ರಲ್ಲಿ. ಈ ಗುಂಪಿನ ಇನ್ನೊಂದು ಔಷಧಿಯೇ ಮೆಥೊಟ್ರೆಕ್ಸೇಟ್.

ಈ ಮೆಥೊಟ್ರೆಕ್ಸೇಟ್ ಮುಂದೆ ಮತ್ತೆ ಕರುಳಿನ ಕಾಯಿಲೆಗೇ ಬಳಕೆಗೆ ಬಂತು. ನಮ್ಮನ್ನು ಕಾಯಬೇಕಾದ ರೋಗನಿರೋಧಕ ವ್ಯವಸ್ಥೆ ಕೆಲವರಲ್ಲಿ ತಮ್ಮ ಕರುಳಿನ ಮೇಲೆಯೇ ತಿರುಗಿಬೀಳುತ್ತದೆ. ಕರುಳು ಊದಿಕೊಂಡು ಹುಣ್ಣಾಗುತ್ತದೆ. ಇದನ್ನು ಕರುಳಿನ ಉರಿಯೂತ ಎನ್ನುತ್ತಾರೆ. ಇದು ಅಂಟುರೋಗವಲ್ಲ. ಇದರಲ್ಲಿ ಕ್ರೋನ್ಸ್ ಕಾಯಿಲೆ ಮತ್ತು ಅಲ್ಸರೇಟಿವ್ ಕೊಲೈಟಿಸ್ ಎಂಬ ಎರಡು ಮುಖ್ಯ ಬಗೆಗಳಿವೆ. 1995ರಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ 141 ಕ್ರೋನ್ಸ್ ರೋಗಿಗಳು ಭಾಗವಹಿಸಿದ್ದರು. ಕೆಲವರಿಗೆ ವಾರಕ್ಕೊಮ್ಮೆ ಮೆಥೊಟ್ರೆಕ್ಸೇಟ್ ಚುಚ್ಚುಮದ್ದು, ಉಳಿದವರಿಗೆ ಔಷಧಿಯಿಲ್ಲದ ಚುಚ್ಚುಮದ್ದು. 16 ವಾರಗಳ ನಂತರ ನೋಡಿದರೆ, ಔಷಧಿ ಪಡೆದ 100 ಜನರಲ್ಲಿ ಸುಮಾರು 39 ಜನರಿಗೆ, ಪಡೆಯದ 100 ಜನರಲ್ಲಿ ಸುಮಾರು 19 ಜನರಿಗೆ ರೋಗ ಶಮನವಾಗಿತ್ತು. ಹೋಲಿಸಿ ನೋಡಿದಾಗಲೇ ಸತ್ಯ ತಿಳಿಯುವುದು ಅಲ್ಲವೆ? 2018ರಲ್ಲಿ ಪ್ರಕಟವಾದ ಇಂತಹುದೇ ಪರೀಕ್ಷೆ, ಅಲ್ಸರೇಟಿವ್ ಕೊಲೈಟಿಸ್ ಮರುಕಳಿಸದಂತೆ ತಡೆಯಲು ಈ ಔಷಧಿ ನೆರವಾಗದು ಎಂದು ತೋರಿಸಿತು. 2023ರಲ್ಲಿ ಅಮೆರಿಕದಲ್ಲಿ ಕ್ರೋನ್ಸ್ ಇದ್ದ 297 ಮಕ್ಕಳ ಅಧ್ಯಯನ ಹೊರಬಂತು. ಅಡಾಲಿಮುಮಾಬ್ ಎಂಬ ಹೊಸ ಔಷಧಿಯ ಜೊತೆಗೆ ಮೆಥೊಟ್ರೆಕ್ಸೇಟ್ ಸೇರಿಸಿದರೆ ಲಾಭವಿದೆ, ಇನ್‌ಫ್ಲಿಕ್ಸಿಮಾಬ್ ಜೊತೆಗೆ ಸೇರಿಸಿದರೆ ಇಲ್ಲ ಎಂದು ಅದರಿಂದ ತಿಳಿಯಿತು. ಮೆಥೊಟ್ರೆಕ್ಸೇಟ್ ಪಡೆಯುವವರಿಗೆ ಅಡ್ಡಪರಿಣಾಮ ತಗ್ಗಿಸಲು ವೈದ್ಯರು ಫೋಲಿಕ್ ಆಮ್ಲದ ಮಾತ್ರೆಯನ್ನೂ ಕೊಡುತ್ತಾರೆ. ಕೀಲಿಯೂ ಸುಳ್ಳು ಕೀಲಿಯೂ ಒಟ್ಟಿಗೇ!

ಇದಾವುದನ್ನೂ ಕಾಣಲು ಸುಬ್ಬರಾವ್ ಇರಲಿಲ್ಲ. 1948ರ ಆಗಸ್ಟ್‌ನಲ್ಲಿ, ತಮ್ಮ 53ನೇ ವಯಸ್ಸಿನಲ್ಲಿ, ಅವರು ನಿದ್ರೆಯಲ್ಲೇ ಹೃದಯಾಘಾತದಿಂದ ತೀರಿಕೊಂಡರು. 1922ರಲ್ಲಿ ಬಿಟ್ಟ ಊರಿಗೆ ಅವರು ಮರಳಿ ಬರಲೇ ಇಲ್ಲ. 1995ರಲ್ಲಿ ಭಾರತ ಸರ್ಕಾರ ಅವರ ಅಂಚೆಚೀಟಿ ಹೊರತಂದಿತು. ಅವರ ಹೆಸರು ಕೇಳಿರದ ಕೋಟ್ಯಂತರ ಜನ ಅವರ ಔಷಧಿಗಳಿಂದ ಬದುಕಿದ್ದಾರೆ.

ಮಾಡಿ ನೋಡಿ: ಹಸಿರು ಸೊಪ್ಪು, ಹೆಸರುಕಾಳು, ಕಡಲೆ, ಅಲಸಂದೆ ಇವೆಲ್ಲ ಫೋಲಿಕ್ ಆಮ್ಲದ ಗುಂಪಿನ ಜೀವಸತ್ವವಿರುವ ಆಹಾರಗಳು. ಒಂದು ವಾರ ನಿಮ್ಮ ಮನೆಯ ಅಡುಗೆಯಲ್ಲಿ ಇವುಗಳಲ್ಲಿ ಯಾವುವು ಎಷ್ಟು ಸಲ ಬಂದವು ಎಂದು ಪಟ್ಟಿ ಮಾಡಿ. ಗೆಳೆಯರ ಪಟ್ಟಿಯೊಂದಿಗೆ ಹೋಲಿಸಿ, ತರಗತಿಯಲ್ಲಿ ಚರ್ಚಿಸಿ.