ಸಲೀಂ ಅಲಿ: ಮನುಷ್ಯ ಕಟ್ಟಿದ ನೀರಿನಲ್ಲಿ ಹಕ್ಕಿಗಳಿಗೆ ಜಾಗ ಉಳಿಸಿದವರು

ಮುಂಬೈ: 2024ರ ಮೇ 20ರ ರಾತ್ರಿ ಘಾಟ್ಕೋಪರ್ ಪೂರ್ವದಲ್ಲಿ 30ಕ್ಕೂ ಹೆಚ್ಚು ಫ್ಲೆಮಿಂಗೊಗಳು ಸತ್ತು ಬಿದ್ದವು. ಮುಂಬೈಯಲ್ಲಿ ಇಳಿಯಲು ಬರುತ್ತಿದ್ದ ಪ್ರಯಾಣಿಕ ವಿಮಾನಕ್ಕೆ ಹಕ್ಕಿಗಳ ಹಿಂಡು ಡಿಕ್ಕಿ ಹೊಡೆದಿತ್ತು. ವಿಮಾನ ಸುರಕ್ಷಿತವಾಗಿ ಇಳಿಯಿತು. ಮನೆಗಳ ನಡುವೆ ಬಿದ್ದಿದ್ದ ಗುಲಾಬಿ ರೆಕ್ಕೆಯ ಹಕ್ಕಿಗಳನ್ನು ಅರಣ್ಯ ಇಲಾಖೆಯವರು ಮತ್ತು ಪ್ರಾಣಿಪ್ರಿಯರು ಹೆಕ್ಕಿ ತೆಗೆಯಬೇಕಾಯಿತು.

ಇಷ್ಟು ದೊಡ್ಡ ನಗರದ ನೆತ್ತಿಯ ಮೇಲೆ ಕಾಡಿನ ಹಕ್ಕಿಗಳಿಗೆ ಏನು ಕೆಲಸ ಎಂದು ಆಗ ಹಲವರು ಕೇಳಿದ್ದರು. ನಾಡು ಎಲ್ಲಿ ಮುಗಿಯುತ್ತದೆ, ಕಾಡು ಎಲ್ಲಿ ಶುರುವಾಗುತ್ತದೆ ಎಂಬ ಈ ಪ್ರಶ್ನೆ ಇದೇ ಮುಂಬೈಯಲ್ಲಿ ಹುಟ್ಟಿ ಬೆಳೆದ ಪಕ್ಷಿತಜ್ಞ ಸಲೀಂ ಅಲಿ ಅವರ ಬದುಕಿನ ಉದ್ದಕ್ಕೂ ಇತ್ತು. ಅದಕ್ಕೆ ಅವರಿಗೆ ಸಿಕ್ಕ ಒಂದು ಉತ್ತರ ಕರ್ನಾಟಕದಲ್ಲಿ ಇಂದಿಗೂ ಉಳಿದಿದೆ. ಇನ್ನೊಂದು ಉತ್ತರ ತಪ್ಪಾಯಿತು.

ಗುಬ್ಬಚ್ಚಿಯಿಂದ ಶುರುವಾದ ದಾರಿ

ಸಲೀಂ ಅಲಿ ಹುಟ್ಟಿದ್ದು 1896ರ ನವೆಂಬರ್ 12ರಂದು. ಎಳೆವೆಯಲ್ಲೇ ತಂದೆ ತಾಯಿಯನ್ನು ಕಳೆದುಕೊಂಡ ಅವರನ್ನು ಖೇತವಾಡಿಯಲ್ಲಿದ್ದ ಸೋದರಮಾವ ಅಮೀರುದ್ದೀನ್ ತ್ಯಾಬ್ಜಿ ಮತ್ತು ಅತ್ತೆ ಹಮೀದಾ ಬೇಗಂ ಸಾಕಿದರು. ಮಾವ ಬೇಟೆಯ ಹವ್ಯಾಸದವರು. ಹುಡುಗನ ಕೈಗೂ ಏರ್‌ಗನ್ ಬಂತು.

ಒಂದು ದಿನ ಅವರು ಹೊಡೆದುರುಳಿಸಿದ ಗುಬ್ಬಚ್ಚಿಯ ಕುತ್ತಿಗೆಯಲ್ಲಿ ಹಳದಿ ಮಚ್ಚೆ ಇತ್ತು. ಅದು ಯಾವ ಹಕ್ಕಿ ಎಂದು ಮಾವನಿಗೂ ಗೊತ್ತಾಗಲಿಲ್ಲ. ಅವರು ಹುಡುಗನನ್ನು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಗೆ ಕಳುಹಿಸಿದರು. 1883ರಲ್ಲಿ ಶುರುವಾಗಿದ್ದ ಆ ಸಂಸ್ಥೆಯ ಕಾರ್ಯದರ್ಶಿ ಡಬ್ಲ್ಯು.ಎಸ್. ಮಿಲ್ಲಾರ್ಡ್ ಹಕ್ಕಿಯ ಹೆಸರು ಹೇಳಿದ್ದಲ್ಲದೆ, ಬೀರುಗಳನ್ನು ತೆರೆದು ಅಲ್ಲಿದ್ದ ನೂರಾರು ಹಕ್ಕಿಗಳ ಮಾದರಿಗಳನ್ನು ತೋರಿಸಿದರು. ಓದಲು ಪುಸ್ತಕಗಳನ್ನೂ ಕೊಟ್ಟರು.

ಬದುಕಿನ ದಾರಿ ಮಾತ್ರ ಅಷ್ಟು ಸುಲಭವಾಗಿರಲಿಲ್ಲ. ಕಾಲೇಜು ಅರ್ಧಕ್ಕೇ ನಿಂತಿತು. ಕುಟುಂಬದ ಗಣಿ ವ್ಯವಹಾರ ನೋಡಿಕೊಳ್ಳಲು ಬರ್ಮಾಕ್ಕೆ ಹೋದರೆ, ಅಲ್ಲಿ ಮನಸ್ಸು ನಿಂತದ್ದು ಸುತ್ತಲ ಕಾಡಿನಲ್ಲಿ. ಮುಂಬೈಗೆ ಮರಳಿ ಪ್ರಾಣಿಶಾಸ್ತ್ರ ಓದಿದರು. 1918ರಲ್ಲಿ ತೆಹಮೀನಾ ಅವರನ್ನು ಮದುವೆಯಾದರು. ಮುಂದೆ ಮ್ಯೂಸಿಯಂನಲ್ಲಿ ಮಾರ್ಗದರ್ಶಿ ಉಪನ್ಯಾಸಕರ ಕೆಲಸ ಸಿಕ್ಕಿತು. ಅಲ್ಲಿಂದ ಬರ್ಲಿನ್‌ಗೆ ಹೋಗಿ ಎರ್ವಿನ್ ಸ್ಟ್ರೆಸೆಮನ್ ಅವರ ಬಳಿ ಪಕ್ಷಿಶಾಸ್ತ್ರ ಕಲಿತರು. 1930ರಲ್ಲಿ ಹಿಂದಿರುಗುವ ಹೊತ್ತಿಗೆ, ಹಣವಿಲ್ಲ ಎಂದು ಆ ಹುದ್ದೆಯನ್ನೇ ತೆಗೆದುಹಾಕಲಾಗಿತ್ತು.

ಕೆಲಸವಿಲ್ಲದ ದಂಪತಿ ಅಲಿಬಾಗ್ ಬಳಿಯ ಕಿಹಿಮ್ ಎಂಬ ಕಡಲತೀರದ ಊರಿಗೆ ಹೋಗಿ ನೆಲೆಸಿದರು. ಅಲ್ಲಿ ಗೀಜಗ ಹಕ್ಕಿ ಗೂಡು ನೇಯುವುದನ್ನು, ಗಂಡು ಹಕ್ಕಿ ಹಲವು ಗೂಡು ಕಟ್ಟಿ ಹಲವು ಹೆಣ್ಣುಗಳನ್ನು ಒಲಿಸಿಕೊಳ್ಳುವುದನ್ನು ಸಲೀಂ ಅಲಿ ದಿನಗಟ್ಟಲೆ ಕುಳಿತು ನೋಡಿ ಬರೆದರು. ಅವರಿಗೆ ಹೆಸರು ತಂದುಕೊಟ್ಟ ಮೊದಲ ಅಧ್ಯಯನ ಇದು.

ಮೈಸೂರಿನಲ್ಲಿ ಸಿಕ್ಕ ಉತ್ತರ

ಸಂಬಳದ ಕೆಲಸ ಸಿಗದಿದ್ದಾಗ ಅವರು ದೇಶೀ ಸಂಸ್ಥಾನಗಳ ಮುಂದೆ ಒಂದು ಪ್ರಸ್ತಾಪ ಇಟ್ಟರು. ಓಡಾಟ ಮತ್ತು ಬಿಡಾರದ ಖರ್ಚು ಕೊಟ್ಟರೆ ಸಾಕು, ಹಕ್ಕಿಗಳ ಸಮೀಕ್ಷೆಯನ್ನು ಸಂಭಾವನೆ ಇಲ್ಲದೆ ಮಾಡಿಕೊಡುವುದಾಗಿ ತಿಳಿಸಿದರು. ಹೈದರಾಬಾದ್, ತಿರುವಾಂಕೂರು, ಕೊಚ್ಚಿ ಸಂಸ್ಥಾನಗಳ ಸಮೀಕ್ಷೆ ನಡೆದದ್ದು ಹೀಗೆ. 1939ರಲ್ಲಿ ತೆಹಮೀನಾ ತೀರಿಕೊಂಡರು. ಮೈಸೂರು ಸಂಸ್ಥಾನದ ಸಮೀಕ್ಷೆಗೆ ಅವರು ಬಂದದ್ದು ಆ ದುಃಖದ ಬೆನ್ನಲ್ಲೇ, 1939-40ರಲ್ಲಿ.

ಶ್ರೀರಂಗಪಟ್ಟಣದ ಹತ್ತಿರ ಕಾವೇರಿಯ ನಡುಗಡ್ಡೆಗಳಲ್ಲಿ ಸಾವಿರಾರು ಹಕ್ಕಿಗಳು ಗೂಡು ಕಟ್ಟಿ ಮರಿ ಮಾಡುವುದು ಅವರ ಗಮನ ಸೆಳೆಯಿತು. ಈ ಜಾಗವನ್ನು ಕಾಪಾಡಬೇಕೆಂದು ಮೈಸೂರು ಅರಸರಿಗೆ ಮನವರಿಕೆ ಮಾಡಿಕೊಟ್ಟರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. 2022ರಲ್ಲಿ ಅದು ಕರ್ನಾಟಕದ ಮೊದಲ ರಾಮ್‌ಸರ್ ತಾಣವೂ ಆಯಿತು.

ಇಲ್ಲಿ ಒಂದು ಕುತೂಹಲದ ಸಂಗತಿ ಇದೆ. ರಂಗನತಿಟ್ಟಿನ ಇಂದಿನ ರೂಪ ಮನುಷ್ಯರ ಕೈವಾಡದಿಂದ ಬಂದದ್ದು. 17ನೇ ಶತಮಾನದಲ್ಲಿ ಕಂಠೀರವ ನರಸರಾಜ ಒಡೆಯರ್ ಕಾಲದಲ್ಲಿ ಬೇಸಾಯಕ್ಕೆಂದು ಕಾವೇರಿಗೆ ಕಟ್ಟಿದ ಒಡ್ಡಿನಿಂದ ಈ ನಡುಗಡ್ಡೆಗಳು ಆದವು ಎನ್ನಲಾಗುತ್ತದೆ. ರೈತರ ಗದ್ದೆಗೆ ನಿಲ್ಲಿಸಿದ ನೀರು ಕೊಕ್ಕರೆಗಳಿಗೂ ಮನೆಯಾಯಿತು.

ಭರತಪುರದಲ್ಲಿ ಆದ ತಪ್ಪು

ರಾಜಸ್ಥಾನದ ಭರತಪುರದ ಕೇವಲಾದೇವ್ ಕೂಡ ಹೀಗೇ ಆದ ಜಾಗ. ಬಾತುಕೋಳಿ ಬೇಟೆಗೆಂದು ಅಲ್ಲಿನ ಮಹಾರಾಜರು ತಗ್ಗು ನೆಲಕ್ಕೆ ಒಡ್ಡು, ಕಾಲುವೆಗಳ ಮೂಲಕ ನೀರು ಹರಿಸಿದ್ದರು. 1938ರಲ್ಲಿ ವೈಸ್‌ರಾಯ್ ಲಿನ್‌ಲಿತ್‌ಗೊ ಅವರ ಬೇಟೆಯ ತಂಡ ಒಂದೇ ದಿನ ಇಲ್ಲಿ 4,273 ಹಕ್ಕಿಗಳನ್ನು ಕೊಂದಿತ್ತು. ಸ್ವಾತಂತ್ರ್ಯದ ನಂತರ ಈ ಜಾಗ ಹಕ್ಕಿಗಳಿಗೇ ಉಳಿಯುವುದರಲ್ಲಿ ಸಲೀಂ ಅಲಿಯವರ ಪ್ರಭಾವ ದೊಡ್ಡದು. ಅಷ್ಟರಲ್ಲಿ ಅವರ ಮಾತಿಗೆ ದೆಹಲಿಯಲ್ಲೂ ಬೆಲೆ ಬಂದಿತ್ತು. 1958ರಲ್ಲಿ ಪದ್ಮಭೂಷಣ, 1976ರಲ್ಲಿ ಪದ್ಮವಿಭೂಷಣ ಅವರಿಗೆ ಸಂದವು.

ಸುತ್ತಲ ಹಳ್ಳಿಗಳ ಎಮ್ಮೆ, ದನಗಳು ಭರತಪುರದ ಆ ಜೌಗಿನಲ್ಲಿ ತಲೆಮಾರುಗಳಿಂದ ಮೇಯುತ್ತಿದ್ದವು. ಮೇವಿಗೆ ಬರುವ ಜಾನುವಾರು ಹಕ್ಕಿಗಳಿಗೆ ಕಂಟಕ ಎಂಬುದು ಅಂದಿನ ಸಂರಕ್ಷಕರ ನಂಬಿಕೆಯಾಗಿತ್ತು. ಸಲೀಂ ಅಲಿಯವರ ನಿಲುವೂ ಅದೇ. ಭರತಪುರ ರಾಷ್ಟ್ರೀಯ ಉದ್ಯಾನವಾದ ಮೇಲೆ, 1982ರಲ್ಲಿ ಮೇಯಿಸುವುದಕ್ಕೆ ನಿಷೇಧ ಬಂತು. ಹಳ್ಳಿಗರು ಪ್ರತಿಭಟಿಸಿದರು. ಪೊಲೀಸರ ಗುಂಡಿಗೆ ಹಲವರು ಬಲಿಯಾದರು.

ನಂತರ ನಡೆದದ್ದನ್ನು ಯಾರೂ ಊಹಿಸಿರಲಿಲ್ಲ. ಎಮ್ಮೆಗಳಿಲ್ಲದ ನೀರಿನಲ್ಲಿ ಹುಲ್ಲು ಮಿತಿ ಮೀರಿ ಬೆಳೆಯಿತು. ತೆರೆದ ನೀರು ಕಡಿಮೆಯಾಯಿತು. ಮೀನು, ಗೆಡ್ಡೆಗಳನ್ನು ಹುಡುಕಿ ತಿನ್ನುವ ಹಕ್ಕಿಗಳಿಗೆ ತೊಂದರೆಯಾಯಿತು. ಹುಲ್ಲನ್ನು ಹದ್ದುಬಸ್ತಿನಲ್ಲಿ ಇಟ್ಟಿದ್ದು ಎಮ್ಮೆಗಳೇ ಎಂದು ಸುಮಾರು ಹತ್ತು ವರ್ಷಗಳ ಅಧ್ಯಯನದ ನಂತರ ಹೇಳಿದ್ದು ಬೇರೆ ಯಾರೂ ಅಲ್ಲ, ಸಲೀಂ ಅಲಿಯವರೇ ಕಟ್ಟಿ ಬೆಳೆಸಿದ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಜ್ಞಾನಿಗಳು. ಆ ತೀರ್ಮಾನ ಹೊರಬರುವ ಹೊತ್ತಿಗೆ ಅವರು ಬದುಕಿರಲಿಲ್ಲ. 1987ರ ಜೂನ್‌ನಲ್ಲಿ, 90ನೇ ವಯಸ್ಸಿನಲ್ಲಿ ಅವರು ಮುಂಬೈಯಲ್ಲಿ ನಿಧನರಾದರು.

ಜನ ಮತ್ತು ಹಕ್ಕಿ ಒಟ್ಟಿಗೆ ಇರಬಹುದು ಎಂಬುದಕ್ಕೆ ರಂಗನತಿಟ್ಟಿಗೆ ದೂರವಲ್ಲದ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರು ಸಾಕ್ಷಿ. ಅಲ್ಲಿ ಹೆಜ್ಜಾರ್ಲೆಗಳು ಗೂಡು ಕಟ್ಟುವುದು ಮನೆಗಳ ಪಕ್ಕದ ಹುಣಸೆ ಮರಗಳಲ್ಲಿ. ಬೇಲಿ ಹಾಕಿ ಜನರನ್ನು ಹೊರಗಿಟ್ಟು ಉಳಿಸಿದ ಊರಲ್ಲ ಅದು. ಊರವರೇ ಹಕ್ಕಿಗಳನ್ನು ಕಾಯುತ್ತಾರೆ.

ಘಾಟ್ಕೋಪರ್ ಪಕ್ಕದ ಖಾಡಿ

ಫ್ಲೆಮಿಂಗೊಗಳನ್ನೂ ಸಲೀಂ ಅಲಿ ಹುಡುಕಿಕೊಂಡು ಹೋಗಿದ್ದರು. 1945ರಲ್ಲಿ ಕಛ್‌ನ ದೊಡ್ಡ ರಣ್‌ನಲ್ಲಿ, ಉಪ್ಪು ಕೆಸರಿನ ನಡುವೆ ಅವು ಗುಂಪಾಗಿ ಗೂಡು ಕಟ್ಟುವ ಜಾಗವನ್ನು ಅವರು ಕಂಡು ದಾಖಲಿಸಿದರು. ಆಗ ಫ್ಲೆಮಿಂಗೊ ಎಂದರೆ ಮನುಷ್ಯರ ಸುಳಿವಿಲ್ಲದ ಬಯಲಿನ ಹಕ್ಕಿ.

ಅವು ದೊಡ್ಡ ಸಂಖ್ಯೆಯಲ್ಲಿ ಮುಂಬೈಗೆ ಬರತೊಡಗಿದ್ದು 1990ರ ದಶಕದಲ್ಲಿ, ಅವರ ಮರಣದ ನಂತರ. ಘಾಟ್ಕೋಪರ್‌ನ ಪೂರ್ವಕ್ಕಿರುವ ಥಾಣೆ ಖಾಡಿಗೆ ನಗರದ ಕೊಳಚೆ ನೀರು ಸೇರುತ್ತದೆ. ಕೊಳಚೆಯಿಂದ ಕೆಸರಿನಲ್ಲಿ ಪಾಚಿ ಹೆಚ್ಚಿತು, ಪಾಚಿಯೇ ಫ್ಲೆಮಿಂಗೊಗಳನ್ನು ಇಲ್ಲಿಗೆ ಸೆಳೆಯಿತು ಎನ್ನುತ್ತಾರೆ ತಜ್ಞರು. ಕಾಂಡ್ಲಾ ಕಾಡಿನ ಅಂಚಿನ ಈ ಖಾಡಿಯ ಒಂದು ಭಾಗ ಇಂದು ಫ್ಲೆಮಿಂಗೊ ಅಭಯಾರಣ್ಯ. ರಂಗನತಿಟ್ಟಿಗೆ ರಾಮ್‌ಸರ್ ಪಟ್ಟ ಸಿಕ್ಕ 2022ರಲ್ಲೇ ಇದಕ್ಕೂ ಸಿಕ್ಕಿತು.

ಅಂದರೆ ಘಾಟ್ಕೋಪರ್‌ನಲ್ಲಿ ಸತ್ತ ಹಕ್ಕಿಗಳು ದಾರಿ ತಪ್ಪಿ ನಗರಕ್ಕೆ ಬಂದವಲ್ಲ. ನಗರವೇ ಬದಲಿಸಿದ ನೆಲಕ್ಕೆ ಮೇವು ಹುಡುಕಿ ಬಂದವು. ಆ ನೆಲ ಮುಂದೆ ಹೇಗಿರುತ್ತದೆ ಎಂಬುದೂ ನಗರದ ಕೈಯಲ್ಲಿದೆ. ಸಲೀಂ ಅಲಿ ನೆಟ್ಟು ಬೆಳೆಸಿದ ಅಭ್ಯಾಸ ಮಾತ್ರ ಇನ್ನೂ ಮುಂದುವರಿದಿದೆ. ಅವರ ಸಂಸ್ಥೆಯವರು ಫ್ಲೆಮಿಂಗೊಗಳ ಕಾಲಿಗೆ ಉಂಗುರ ತೊಡಿಸಿ, ಕೆಲವಕ್ಕೆ ಉಪಗ್ರಹ ಟ್ಯಾಗ್ ಕಟ್ಟಿ ಅವು ಎಲ್ಲಿಂದ ಎಲ್ಲಿಗೆ ಹಾರುತ್ತವೆ ಎಂದು ಗುರುತು ಹಾಕುತ್ತಿದ್ದಾರೆ.