ಕೂಡುರಸ್ತೆಗೆ ಮೂರನೆಯ ಸೂಚನೆ ಕೊಟ್ಟ ಗ್ಯಾರೆಟ್ ಮಾರ್ಗನ್

ಮಕ್ಕಳೇ, ಬೆಂಗಳೂರಿನ ಶಿವಾಜಿನಗರವನ್ನು ನೋಡಿದ್ದೀರಾ? ನಿಲ್ದಾಣದಿಂದ ಒಂದರ ಹಿಂದೆ ಒಂದು ಬಸ್ಸು ಹೊರಡುತ್ತದೆ. ರಸೆಲ್ ಮಾರುಕಟ್ಟೆಗೆ ಹಣ್ಣು, ತರಕಾರಿ ತರುವ ಗಾಡಿಗಳು, ಆಟೋಗಳು, ಬೈಕುಗಳು, ಕೈಚೀಲ ಹಿಡಿದು ನಡೆಯುವ ಜನ, ಎಲ್ಲರಿಗೂ ಅದೇ ರಸ್ತೆ ಬೇಕು. ನಾಲ್ಕು ರಸ್ತೆಗಳು ಕೂಡುವಲ್ಲಿ ಯಾರು ಮೊದಲು ಹೋಗಬೇಕು? ಅದನ್ನು ಸಿಗ್ನಲ್ ದೀಪ ಹೇಳುತ್ತದೆ. ಕೆಂಪು ಬಂದರೆ ನಿಲ್ಲಬೇಕು, ಹಸಿರು ಬಂದರೆ ಹೋಗಬಹುದು. ಇದು ನಿಮಗೆಲ್ಲ ಗೊತ್ತು. ಹಾಗಾದರೆ ಇವೆರಡರ ನಡುವೆ ಹಳದಿ ಏಕೆ? ಇಂಥದೇ ಪ್ರಶ್ನೆಯನ್ನು ನೂರು ವರ್ಷಗಳ ಹಿಂದೆ ಯೋಚಿಸಿದವರಲ್ಲಿ ಗ್ಯಾರೆಟ್ ಮಾರ್ಗನ್ ಒಬ್ಬರು.

ಶಾಲೆ ಬಿಟ್ಟರೂ ಕಲಿಕೆ ಬಿಡಲಿಲ್ಲ

ಮಾರ್ಗನ್ 1877ರ ಮಾರ್ಚ್ 4ರಂದು ಅಮೆರಿಕದ ಕೆಂಟಕಿ ರಾಜ್ಯದಲ್ಲಿ ಹುಟ್ಟಿದರು. ಅವರ ತಂದೆ ತಾಯಿ ಗುಲಾಮಗಿರಿಯಿಂದ ಬಿಡುಗಡೆಯಾದ ಕಪ್ಪು ವರ್ಣದವರು. ದೊಡ್ಡ ಸಂಸಾರ, ಕೈಯಲ್ಲಿ ಹಣವಿಲ್ಲ. ಪ್ರಾಥಮಿಕ ಹಂತದಲ್ಲೇ ಅವರ ಓದು ನಿಂತಿತು. ಹದಿಹರೆಯದಲ್ಲಿ ಮನೆ ಬಿಟ್ಟು ಸಿನ್ಸಿನಾಟಿ ನಗರಕ್ಕೆ ಹೋಗಿ ಕೂಲಿ ಕೆಲಸ ಮಾಡಿದರು. ದುಡಿದ ಹಣದಲ್ಲೇ ಶಿಕ್ಷಕರೊಬ್ಬರನ್ನು ಗೊತ್ತುಮಾಡಿಕೊಂಡು ಪಾಠ ಹೇಳಿಸಿಕೊಂಡರು.

1895ರಲ್ಲಿ ಅವರು ಕ್ಲೀವ್‌ಲ್ಯಾಂಡ್ ನಗರ ಸೇರಿದರು. ಅಲ್ಲಿ ಬಟ್ಟೆ ಕಾರ್ಖಾನೆಯಲ್ಲಿ ಹೊಲಿಗೆ ಯಂತ್ರಗಳ ರಿಪೇರಿ ಕಲಿತರು. 1907ರಲ್ಲಿ ಸ್ವಂತ ರಿಪೇರಿ ಅಂಗಡಿ ತೆರೆದರು. ಯಂತ್ರ ಕೆಟ್ಟಾಗ ಏಕೆ ಕೆಟ್ಟಿತು ಎಂದು ಹುಡುಕುವುದು ಅವರಿಗೆ ಅಭ್ಯಾಸವಾಯಿತು.

ಹೊಗೆಯಿಂದ ಉಳಿಸಿದ ಮುಸುಕು

ಬೆಂಕಿ ಬಿದ್ದ ಮನೆಯಲ್ಲಿ ಬಿಸಿ ಹೊಗೆ ಮೇಲಕ್ಕೇರುತ್ತದೆ. ನೆಲದ ಹತ್ತಿರ ಗಾಳಿ ಸ್ವಲ್ಪ ಶುದ್ಧವಾಗಿರುತ್ತದೆ. ಇದನ್ನು ಗಮನಿಸಿ ಮಾರ್ಗನ್ ತಲೆಗೆ ಹಾಕುವ ಒಂದು ಮುಸುಕು ತಯಾರಿಸಿದರು. ಅದರ ಉದ್ದನೆಯ ಕೊಳವೆ ನೆಲದವರೆಗೆ ಇಳಿಯುತ್ತಿತ್ತು. ಕೊಳವೆಯಲ್ಲಿದ್ದ ಒದ್ದೆ ಸ್ಪಂಜು ಗಾಳಿಯನ್ನು ಸೋಸಿ ತಂಪು ಮಾಡುತ್ತಿತ್ತು. 1914ರಲ್ಲಿ ಅದಕ್ಕೆ ಪೇಟೆಂಟ್ ಸಿಕ್ಕಿತು. ಆದರೆ ಕಪ್ಪು ವರ್ಣದವರು ಮಾಡಿದ್ದು ಎಂದರೆ ಹಲವರು ಕೊಳ್ಳುತ್ತಿರಲಿಲ್ಲ. ಅದಕ್ಕಾಗಿ ಬಿಳಿಯರೊಬ್ಬರನ್ನು ಸಂಶೋಧಕರೆಂದು ಮುಂದೆ ನಿಲ್ಲಿಸಿ ಮಾರಾಟ ಮಾಡಬೇಕಾಯಿತು. ಎಂಥ ಅನ್ಯಾಯ ನೋಡಿ!

1916ರ ಜುಲೈನಲ್ಲಿ ಈರಿ ಸರೋವರದ ತಳದಲ್ಲಿ ಕುಡಿಯುವ ನೀರಿಗಾಗಿ ಸುರಂಗ ತೋಡುವಾಗ ಅನಿಲ ಸ್ಫೋಟವಾಯಿತು. ರಕ್ಷಿಸಲು ಇಳಿದವರೂ ವಿಷಾನಿಲಕ್ಕೆ ಸಿಕ್ಕರು. ಮಾರ್ಗನ್ ಮತ್ತು ಅವರ ಸಹೋದರ ಫ್ರಾಂಕ್ ಇದೇ ಮುಸುಕು ಹಾಕಿಕೊಂಡು ಒಳಗಿಳಿದು ಇಬ್ಬರನ್ನು ಜೀವಂತವಾಗಿ ಹೊರತಂದರು.

ಎಲ್ಲರೂ ನಿಲ್ಲಿ!

ಆ ಕಾಲದ ಕ್ಲೀವ್‌ಲ್ಯಾಂಡ್ ರಸ್ತೆಗಳಲ್ಲಿ ಕುದುರೆ ಗಾಡಿ, ಸೈಕಲ್, ಹೊಸದಾಗಿ ಬಂದ ಮೋಟಾರು ಎಲ್ಲವೂ ಓಡುತ್ತಿದ್ದವು. 1914ರಲ್ಲಿಯೇ ಅಲ್ಲಿನ ಒಂದು ಕೂಡುರಸ್ತೆಯಲ್ಲಿ ಕೆಂಪು, ಹಸಿರು ವಿದ್ಯುತ್ ದೀಪಗಳನ್ನು ಹಾಕಿದ್ದರು. 1920ರಲ್ಲಿ ಡೆಟ್ರಾಯಿಟ್ ನಗರದಲ್ಲಿ ವಿಲಿಯಂ ಪಾಟ್ಸ್ ಎಂಬ ಪೊಲೀಸ್ ಅಧಿಕಾರಿ ಮೂರು ಬಣ್ಣದ ದೀಪ ಬಳಸಿದರು. ಹೀಗಾಗಿ ಸಿಗ್ನಲ್ ಒಬ್ಬರೇ ಕಂಡುಹಿಡಿದದ್ದಲ್ಲ, ಹಲವರ ಕೊಡುಗೆ ಅದರಲ್ಲಿದೆ.

ಆದರೂ ಅನೇಕ ಕಡೆ ‘ನಿಲ್ಲು’ ಮತ್ತು ‘ಹೋಗು’ ಎಂಬ ಎರಡೇ ಸೂಚನೆಗಳಿದ್ದವು. ಒಂದು ಕಡೆಯ ಗಾಡಿ ಇನ್ನೂ ನಡುರಸ್ತೆಯಲ್ಲಿರುವಾಗಲೇ ಇನ್ನೊಂದು ಕಡೆಯವರು ಹೊರಟುಬಿಡುತ್ತಿದ್ದರು. ಮಾರ್ಗನ್ ರೂಪಿಸಿದ ಸಿಗ್ನಲ್ ಕೈಯಿಂದ ತಿರುಗಿಸುವ ತೋಳುಗಳಿದ್ದ ಒಂದು ಕಂಬ. ಅದರಲ್ಲಿ ‘ನಿಲ್ಲು’, ‘ಹೋಗು’ ಜೊತೆಗೆ ಮೂರನೆಯದೊಂದು ಸೂಚನೆ ಇತ್ತು: ಎಲ್ಲ ಕಡೆಯವರೂ ನಿಲ್ಲಬೇಕು. ಆ ಸ್ವಲ್ಪ ಹೊತ್ತಿನಲ್ಲಿ ನಡುವೆ ಸಿಕ್ಕಿದ ಗಾಡಿ ದಾಟಿಬಿಡುತ್ತಿತ್ತು. 1923ರ ನವೆಂಬರ್ 20ರಂದು ಇದಕ್ಕೆ ಪೇಟೆಂಟ್ ದೊರೆಯಿತು. ಮುಂದೆ ಅದರ ಹಕ್ಕನ್ನು ಜನರಲ್ ಎಲೆಕ್ಟ್ರಿಕ್ ಕಂಪನಿ ಕೊಂಡಿತು.

ಹಳದಿಯ ಲೆಕ್ಕ

ಬ್ರೇಕ್ ಒತ್ತಿದ ಕೂಡಲೇ ಗಾಡಿ ನಿಲ್ಲುವುದಿಲ್ಲ. ಒಂದು ಬಸ್ಸು ಗಂಟೆಗೆ 36 ಕಿ.ಮೀ. ವೇಗದಲ್ಲಿದೆ ಎನ್ನೋಣ. ಅಂದರೆ ಸೆಕೆಂಡಿಗೆ 10 ಮೀಟರ್. ಚಾಲಕರು ದೀಪ ನೋಡಿ ಬ್ರೇಕ್ ಒತ್ತಲು ಸುಮಾರು 1 ಸೆಕೆಂಡು ಬೇಕು. ಅಷ್ಟರಲ್ಲಿ ಬಸ್ಸು 10 ಮೀಟರ್ ಸಾಗಿರುತ್ತದೆ. ಒಣ ರಸ್ತೆಯಲ್ಲಿ ಚೆನ್ನಾಗಿ ಬ್ರೇಕ್ ಹಿಡಿದರೆ ನಿಲ್ಲಲು ಮತ್ತೆ ಸುಮಾರು 10 ಮೀಟರ್ ಬೇಕು. ಒಟ್ಟು 20 ಮೀಟರ್. ವೇಗ ಎರಡರಷ್ಟಾದರೆ ಬ್ರೇಕಿನ ದೂರ ನಾಲ್ಕರಷ್ಟಾಗುತ್ತದೆ! ಆಗ 20 ಮತ್ತು 40 ಸೇರಿ 60 ಮೀಟರ್ ಬೇಕು. ಮಳೆಯಲ್ಲಿ ಇನ್ನೂ ಹೆಚ್ಚು. ನಿಲ್ಲಲು ಬೇಕಾದ ಈ ಸಮಯವನ್ನೇ ಹಳದಿ ದೀಪ ಕೊಡುತ್ತದೆ.

ಆದ್ದರಿಂದ ಚಾಲಕರು ಹೀಗೆ ನಡೆದುಕೊಳ್ಳಬೇಕು:

● ಕೆಂಪು: ಬಿಳಿಯ ನಿಲುಗಡೆ ಗೆರೆಯ ಹಿಂದೆ ನಿಲ್ಲಬೇಕು. ಗೆರೆ ದಾಟಿ ನಿಂತರೆ ನಡೆದು ದಾಟುವವರಿಗೆ ಜಾಗವಿರುವುದಿಲ್ಲ.
● ಹಳದಿ: ವೇಗ ಹೆಚ್ಚಿಸಬಾರದು, ನಿಲ್ಲಬೇಕು. ಗೆರೆಗೆ ತೀರ ಹತ್ತಿರ ಬಂದಿದ್ದು, ತಟ್ಟನೆ ನಿಂತರೆ ಅಪಾಯ ಎನ್ನುವಾಗ ಮಾತ್ರ ಎಚ್ಚರದಿಂದ ದಾಟಬೇಕು.
● ಹಸಿರು: ಕೂಡುರಸ್ತೆ ಖಾಲಿಯಾಗಿದೆಯೇ ಎಂದು ನೋಡಿ ಹೊರಡಬೇಕು.
● ಮಿನುಗುವ ಹಳದಿ: ನಿಧಾನಿಸಿ, ನೋಡಿಕೊಂಡು ಹೋಗಬೇಕು.

ನೀವೇ ಮಾಡಿ ನೋಡಿ

ಗೆಳೆಯನೊಬ್ಬ 30 ಸೆಂ.ಮೀ. ಅಳತೆಪಟ್ಟಿಯನ್ನು ನೇರವಾಗಿ ತೂಗಿ ಹಿಡಿಯಲಿ. ಅದರ ಕೆಳತುದಿಯ (0 ಗುರುತಿನ) ಬಳಿ ನಿಮ್ಮ ಎರಡು ಬೆರಳುಗಳನ್ನು ಮುಟ್ಟದಂತೆ ಇಡಿ. ಅವನು ಹೇಳದೆ ಪಟ್ಟಿ ಬಿಡಲಿ, ನೀವು ಹಿಡಿಯಿರಿ. 20 ಸೆಂ.ಮೀ. ಗುರುತಿನ ಬಳಿ ಹಿಡಿದರೆ ನಿಮಗೆ ಸುಮಾರು 0.2 ಸೆಕೆಂಡು ಬೇಕಾಯಿತು ಎಂದರ್ಥ. ಈಗ ಯಾರೊಂದಿಗಾದರೂ ಮಾತನಾಡುತ್ತಾ ಮಾಡಿ. ಪಟ್ಟಿ ಹೆಚ್ಚು ಜಾರಿತೇ? ಗಾಡಿ ಓಡಿಸುವಾಗ ಮೊಬೈಲಿನಲ್ಲಿ ಮಾತನಾಡಬಾರದು ಎನ್ನುವುದು ಇದಕ್ಕೇ.

ಮಾರ್ಗನ್ ಅವರ ಕಣ್ಣು ಮುಪ್ಪಿನಲ್ಲಿ ಬಹಳ ಮಂಜಾಯಿತು. 1963ರಲ್ಲಿ ಅವರು ತೀರಿಕೊಂಡರು. ಕ್ಲೀವ್‌ಲ್ಯಾಂಡಿನ ಒಂದು ನೀರು ಶುದ್ಧೀಕರಣ ಘಟಕಕ್ಕೆ ಮುಂದೆ ಅವರ ಹೆಸರಿಟ್ಟರು. ಇಂದಿನ ಅನೇಕ ಸಿಗ್ನಲ್‌ಗಳಲ್ಲಿ ಒಂದು ಕಡೆ ಕೆಂಪಾದ ಮೇಲೆ ಇನ್ನೊಂದು ಕಡೆ ಹಸಿರಾಗುವ ಮೊದಲು ಎಲ್ಲ ಕಡೆಯೂ ಒಂದೆರಡು ಸೆಕೆಂಡು ಕೆಂಪೇ ಇರುತ್ತದೆ. ಕಾಲುದಾರಿಯ ಮೇಲೆ ಸುರಕ್ಷಿತವಾಗಿ ನಿಂತು ಅದನ್ನು ಎಣಿಸಿ ನೋಡಿ. ಮನೆಯಲ್ಲಿ ಗಾಡಿ ಓಡಿಸುವವರಿಗೂ ಹಳದಿಯ ಲೆಕ್ಕ ಹೇಳಿಕೊಡಿ.